ಮುಹೂರ್ತ ಕೇಳಿ ಆಡಬೇಕಿತ್ತಾ?

ಭಾನುವಾರದ ಸಿಟ್ಟು ಬುಧವಾರವಾದರೂ ಇಳಿದಿಲ್ಲ. ಹಾಗಾಗಿ ಇಲ್ಲೇ ಕಾರಿಕೊಳ್ಳುತ್ತೇನೆ. ಉದ್ದ ಇದೆ. ಪುರುಸೊತ್ತಿಲ್ಲದವರು ಲೈಕ್ ಒತ್ತಿ ಮುಂದೆ ಹೋಗಿ, ನನಗೇನೂ ಬೇಜಾರಿಲ್ಲ.

ದಾವಣಗೆರೆಯಲ್ಲಿ ಚಿಕ್ಕಮ್ಮನ ಮಗನ ಮನೆ ಗೃಹಪ್ರವೇಶ. ಹೋಳಿಗೆ ಊಟ ಮುಗಿಸಿ, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, ಹಾಲ್‌ನ ಮೂಲೆಯಲ್ಲೊಂದು ಪ್ಲಾಸ್ಟಿಕ್ ಕುರ್ಚಿ ಹಿಡಿದು ಫೋನ್ ತೆಗೆದೆ. ನನ್ನ ಹೊಲದಲ್ಲಿ ಕುಂಬಳಕಾಯಿ ಕಟಾವಿಗೆ ಬಂದಿತ್ತು. ಸ್ಟಾರ್‌ಡ್ಯೂ ವ್ಯಾಲಿ ಅನ್ನೋ ಬೇಸಾಯದ ಗೇಮಿನಲ್ಲಿ, ಇನ್ನೆಲ್ಲಿ? ನನ್ನ ಈ ಹುಚ್ಚು ನಿಮಗೆ ಹೊಸದಲ್ಲ, ನನ್ನ ಕೋಳಿಗಳ ಹೆಸರು ಸಮೇತ ಗೊತ್ತಿರೋರು ಈ ಲಿಸ್ಟಲ್ಲಿ ನಾಲ್ಕೈದು ಜನ ಇದ್ದೀರಿ. ಅಲ್ಲಿ ಒಂದೊಂದು ಋತುವಿಗೆ 28 ದಿನ. ಋತು ಮುಗಿಯೋದರೊಳಗೆ ಕೊಯ್ಯದಿದ್ದರೆ ಬೆಳೆ ಒಣಗಿ ಹೋಗುತ್ತೆ. ಅಂದು ಶರತ್ಕಾಲದ 27ನೇ ದಿನ. ನನ್ನ ಅವಸರ ನಿಮಗೆ ಅರ್ಥ ಆಗಿರಬೇಕು.

ಅಷ್ಟರಲ್ಲಿ ಸೋದರಮಾವ ಬಂದು ಹೆಗಲ ಮೇಲಿಂದ ಬಗ್ಗಿ ನೋಡಿ, ಇಡೀ ಹಾಲ್‌ಗೆ ಕೇಳಿಸೋ ಹಾಗೆ, "ಅಲ್ಲವ್ವಾ, ಇನ್ನಾರು ವರ್ಷ ಹೋದ್ರೆ ಸೊಸೆ ತರೋಳು ನೀನು. ಈ ವಯಸ್ಸಲ್ಲಿ ಗೇಮ್ ಆಡ್ಕಂಡು ಕುಂತಿದೀಯಲ್ಲ, ಯಾವಾಗ ಬಿಡ್ತೀಯೇ?" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮೂರು ದಿನದಿಂದ ಚುಚ್ಚುತ್ತಿರೋದು ಅದೇ, ನಾನೂ ನಕ್ಕೆ ಅನ್ನೋದು.

ಇನ್ನು ಇದನ್ನು ಕೇಳಿ. ಮಾವ ನಿಂತಿದ್ದ ಜಾಗದಿಂದ ಎರಡು ಮಾರು ದೂರದಲ್ಲಿ ಹದಿನಾರು ತಿಂಗಳ ಕೂಸೊಂದು ಅಮ್ಮನ ಕಾಲ ಮೇಲೆ ಕೂತಿತ್ತು. ಎದುರಿಗೆ ಚೊಂಬಿಗೆ ಒರಗಿಸಿಟ್ಟ ಫೋನು. ಪರದೆ ಮೇಲೆ ಗುಳ್ಳೆ ಏಳುತ್ತೆ, ಕೂಸು ಬೆರಳಿಡುತ್ತೆ, ಗುಳ್ಳೆ ಒಡೆಯುತ್ತೆ, ಕೂಸಿನ ಬಾಯಿ ತೆರೆಯುತ್ತೆ, ತುಪ್ಪದನ್ನ ಒಳಗೆ ಹೋಗುತ್ತೆ. ಏನು ತಿಂದೆ ಅಂತ ಆ ಕೂಸಿಗೆ ಗೊತ್ತೇ ಇಲ್ಲ. ಅಜ್ಜಿಗೆ ಹೆಮ್ಮೆಯೋ ಹೆಮ್ಮೆ. "ನೋಡ್ರೇ, ಆಡ್ ಬಂದ್ರೆ ಅದೇ ತೆಗೀತತೆ!" ನಮ್ಮ ಮಾವ, ಹೌದು, ಅದೇ ಮಾವ, ಕೂಸಿನ ಗಲ್ಲ ಹಿಂಡಿ, "ಈಗಿನ ಮಕ್ಳು ಹುಟ್ತಾನೇ ಇಂಜಿನಿಯರ್ ಕಣವ್ವ" ಅಂದು ಮೆಟ್ಟಿಲು ಹತ್ತಿದರು. ಯಾಕೆ ಹತ್ತಿದರು? ಮಹಡಿ ಮೇಲೆ ಜಮಖಾನ ಹಾಸಿ ಇಸ್ಪೀಟು ಶುರುವಾಗಿತ್ತು.

ಅಂದರೆ ಒಂದೇ ಮನೆ, ಒಂದೇ ಮಧ್ಯಾಹ್ನ, ಆಡುತ್ತಿದ್ದವರು ಮೂರು ಥರದವರು. ಹದಿನಾರು ತಿಂಗಳಿನದು ಜಾಣ. ಎಪ್ಪತ್ತರ ಆಸುಪಾಸಿನವರು ಕಾಲಕ್ಷೇಪ ಮಾಡೋರು. ವಯಸ್ಸಿನ ಲೆಕ್ಕ ಕೊಡಬೇಕಾಗಿ ಬಂದಿದ್ದು 49ರ ನನಗೊಬ್ಬಳಿಗೆ.

ಮಾವನ ಇತಿಹಾಸ ಹೇಳಬಾರದು ಅಂತಿದ್ದೆ, ಹೇಳಿಬಿಡ್ತೀನಿ. ಹೋದ ವರ್ಷ ಇದೇ ಹೊತ್ತಲ್ಲಿ ಅವರು ಫೋನಲ್ಲೇ ರಮ್ಮಿ ಆಡೋರು, ಅದೂ ದುಡ್ಡು ಕಟ್ಟಿ. 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡೋ ಆನ್‌ಲೈನ್ ಆಟಗಳಿಗೆ ಕೇಂದ್ರ ಸರ್ಕಾರ ಕಾನೂನು ತಂದು ಬಾಗಿಲು ಹಾಕಿಸಿತಲ್ಲ, ಆಮೇಲೆ ಮತ್ತೆ ಜಮಖಾನಕ್ಕೆ ಬಂದಿದ್ದಾರೆ. ಎಷ್ಟು ಹೋಯ್ತು ಅಂತ ಅತ್ತೆಗೆ ಇವತ್ತಿಗೂ ಗೊತ್ತಿಲ್ಲ. ನನಗೆ ಗೊತ್ತು, ಅವರ ಪಾಸ್‌ಬುಕ್ ಎಂಟ್ರಿ ಹಾಕಿಕೊಡೋದು ನಾನೇ. (ಅತ್ತೆ ಫೇಸ್‌ಬುಕ್‌ನಲ್ಲಿಲ್ಲ. ಯಾರೂ ಸ್ಕ್ರೀನ್‌ಶಾಟ್ ಕಳಿಸಬೇಡಿ.) ನನ್ನ ಕುಂಬಳಕಾಯಿಯಿಂದ ಇವತ್ತಿನವರೆಗೆ ಯಾರ ಮನೆಯ ಒಂದು ರೂಪಾಯಿಯೂ ಹೋಗಿಲ್ಲ.

ನಿಲ್ಲಿಸೋ ವಯಸ್ಸಿನ ಮಾತು ಆಮೇಲೆ. ಮೊದಲು ಶುರು ಮಾಡೋ ವಯಸ್ಸಿನ ಕಥೆ ಕೇಳಿ.

1991. ನನಗೆ 15. ಬೇಸಿಗೆ ರಜೆಯಲ್ಲಿ ಅಣ್ಣಂದಿರು ಟಿವಿಗೆ ಹಚ್ಚೋ ವಿಡಿಯೋ ಗೇಮ್ ಪೆಟ್ಟಿಗೆಯನ್ನು ದಿನದ ಬಾಡಿಗೆಗೆ ತರುತ್ತಿದ್ದರು. ಮಾರಿಯೋ, ಕಾಂಟ್ರಾ, ಬಾತುಕೋಳಿ ಹೊಡೆಯೋ ಡಕ್ ಹಂಟ್. ಮೂರು ಜನ ಅಣ್ಣಂದಿರು, ಎರಡು ರಿಮೋಟು, ಒಂದು ಪ್ಲಾಸ್ಟಿಕ್ ಬಂದೂಕು. ನನ್ನ ಕೆಲಸ ಮಂಡಕ್ಕಿ ಮಿರ್ಚಿ ತಂದುಕೊಡೋದು. ನನ್ನ ಪಾಳಿ ಬರೋ ಹೊತ್ತಿಗೆ ಕರೆಂಟ್ ಹೋಗೋದು, ಇಲ್ಲಾ ದೊಡ್ಡಮ್ಮ "ಹೆಣ್ಣುಡುಗಿ, ನಿಂಗ್ಯಾಕೇ ಅದು, ಎದ್ದು ಬಾ" ಅಂತ ಒಳಗೆ ಕರೆಯೋರು. ಒಂದೇ ಒಂದು ಸಲ ಬಂದೂಕು ಕೈಗೆ ಸಿಕ್ಕಿತ್ತು, ಎರಡು ಬಾತು ಹೊಡೆದೆ. ಆ ಬಂದೂಕು ಹೇಗೆ ಕೆಲಸ ಮಾಡುತ್ತೆ ಅಂತ ಗೊತ್ತಾಗಿದ್ದು ಮೊನ್ನೆ ಮೊನ್ನೆ. ಅದು ಟಿವಿಗೆ ಏನನ್ನೂ ಹಾರಿಸೋದಿಲ್ಲ. ಕುದುರೆ ಎಳೆದ ಕ್ಷಣ ಪರದೆ ಕಪ್ಪಾಗಿ, ಬಾತು ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಮಿಂಚಿ ಮಾಯವಾಗುತ್ತೆ. ಆ ಬೆಳಕು ಬಂದೂಕಿನ ಕಣ್ಣಿಗೆ ಕಂಡರೆ ಬಾತು ಸತ್ತ ಹಾಗೆ. ಹಳೇ ಡಬ್ಬಾ ಟಿವಿಗಳಲ್ಲಿ ಮಾತ್ರ ನಡೆಯೋ ಆಟ. ಈಗಿನ ಚಪ್ಪಟೆ ಟಿವಿಯಲ್ಲಿ ಚಿತ್ರ ಒಂದು ಕೂದಲೆಳೆ ತಡವಾಗಿ ಬರೋದರಿಂದ ಗುರಿ ತಪ್ಪುತ್ತೆ. ಅಂದರೆ ಈಗ ದುಡ್ಡು ಕೊಟ್ಟು ತಂದರೂ ಆ ಆಟ ನನ್ನ ಮನೆ ಟಿವಿಯಲ್ಲಿ ನಡೆಯಲ್ಲ.

ನನ್ನದು ಅಂತ ಆಟ ಸಿಕ್ಕಿದ್ದು ಕೆಲಸಕ್ಕೆ ಸೇರಿ, ಸ್ವಂತ ಸಂಬಳದಲ್ಲಿ ನೋಕಿಯಾ 3310 ಕೊಂಡ ಮೇಲೆ. ಹಾವಿನ ಆಟ. ಆಗ ನನಗೆ 25. ಆವಾಗಲೂ ಮನೆಗೆ ಬಂದವರು "ಮದ್ವೆ ವಯಸ್ಸಿನ ಹುಡುಗಿ ಕೈಯಲ್ಲಿ ಏನೇ ಅದು" ಅಂದಿದ್ದರು. 15ಕ್ಕೆ ಹುಡುಗಿ, ಆಡಬೇಡ. 25ಕ್ಕೆ ಮದುವೆ ವಯಸ್ಸು, ಆಡಬೇಡ. 36ಕ್ಕೆ ಮಗು ನೋಡ್ಕೋ, ಆಡಬೇಡ. 49ಕ್ಕೆ ಸೊಸೆ ಬರ್ತಾಳೆ, ನಿಲ್ಲಿಸು. ನಡುವೆ ಆಡೋದಕ್ಕೂ ಒಂದು ಮುಹೂರ್ತ ಇತ್ತಲ್ಲ, ಅದನ್ನು ಯಾವ ಪಂಚಾಂಗದಲ್ಲಿ ಹಾಕಿದ್ದರು ಸ್ವಾಮಿ? ನನಗೊಂದು ಮಾತು ಹೇಳಿದ್ದರೆ ರಜೆ ಹಾಕಿ ಕೂತು ಆಡ್ತಿದ್ದೆ.

ಭಾನುವಾರ ರಾತ್ರಿ ನಿದ್ದೆ ಬರದೆ ಹುಡುಕುತ್ತಾ ಕೂತೆ. ನಿಲ್ಲಿಸೋ ವಯಸ್ಸು ಅಂತ ಯಾರಾದರೂ ಬರೆದಿದ್ದಾರಾ? 2014ರಲ್ಲಿ ಕೆನಡಾದಲ್ಲಿ ಸ್ಟಾರ್‌ಕ್ರಾಫ್ಟ್ ಅನ್ನೋ ಆಟ ಆಡೋ 3,305 ಜನರನ್ನು, 16ರಿಂದ 44 ವರ್ಷದವರನ್ನು, ಅಧ್ಯಯನ ಮಾಡಿದ್ದಾರೆ. ಕಣ್ಣಿಗೆ ಕಂಡಿದ್ದಕ್ಕೆ ಕೈ ಓಗೊಡೋ ವೇಗ 24ರಿಂದಲೇ ಇಳಿಯೋಕೆ ಶುರುವಂತೆ. ಅಂದರೆ ನಾನು ಹಾವಿನ ಆಟ ಕೈಗೆತ್ತಿಕೊಳ್ಳೋ ಹೊತ್ತಿಗೇ ಮುದುಕಿ! ಆದರೆ ಅದೇ ಅಧ್ಯಯನದಲ್ಲಿ, ವಯಸ್ಸಾದ ಆಟಗಾರರು ಬೇರೆ ಉಪಾಯ ಹುಡುಕಿಕೊಂಡು ಆ ನಿಧಾನವನ್ನು ಸರಿದೂಗಿಸಿಕೊಳ್ಳುತ್ತಾರೆ ಅಂತಲೂ ಇದೆ. ಬ್ಯಾಂಕ್ ಕೌಂಟರಲ್ಲಿ ಇಪ್ಪತ್ತೈದು ವರ್ಷ ಕೂತ ಯಾರನ್ನು ಕೇಳಿದ್ದರೂ ಇದನ್ನು ಹೇಳುತ್ತಿದ್ದರು, ಅಧ್ಯಯನ ಬೇಕಿರಲಿಲ್ಲ. ಜಪಾನಿನಲ್ಲಿ ಹಮಾಕೊ ಮೋರಿ ಅಂತ ಒಬ್ಬ ಅಜ್ಜಿ, 1930ರಲ್ಲಿ ಹುಟ್ಟಿದವರು, ಆಡೋದನ್ನೇ ಯೂಟ್ಯೂಬ್‌ಗೆ ಹಾಕಿ 90ನೇ ವಯಸ್ಸಿನಲ್ಲಿ ಗಿನ್ನೆಸ್ ದಾಖಲೆಗೆ ಸೇರಿದರು. ಅವರಿಗೆ ಸೋದರಮಾವ ಇರಲಿಲ್ಲವೋ ಏನೋ.

ಮೆದುಳಿಗೆ ಒಳ್ಳೇದು ಅನ್ನೋ ಪುಣ್ಯಾತ್ಮರೂ ಇದ್ದಾರೆ. 2013ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 60 ದಾಟಿದವರಿಗೆ ಕಾರು ಓಡಿಸೋ ಗೇಮ್ ಒಂದು ತಿಂಗಳು ಆಡಿಸಿ, ಎರಡು ಕೆಲಸ ಒಟ್ಟಿಗೆ ನಿಭಾಯಿಸೋ ಶಕ್ತಿ ಹೆಚ್ಚಾಯ್ತು ಅಂತ ತೋರಿಸಿದ್ದಾರೆ. ಸಂತೋಷ. ಅದು ಅದಕ್ಕೆಂದೇ ಮಾಡಿದ ಗೇಮು, ನನ್ನದಲ್ಲ. ಪರದೆ ಮೇಲೆ ಕುಂಬಳಕಾಯಿ ಬೆಳೆದರೆ ಬುದ್ಧಿ ಬೆಳೆಯುತ್ತೆ ಅಂತ ನಾನು ಸುಳ್ಳು ಹೇಳಲ್ಲ. ಅಷ್ಟಕ್ಕೂ ಇಸ್ಪೀಟಿನಿಂದ ಮೆದುಳಿಗೆ ಏನು ಲಾಭ ಅಂತ ಮಹಡಿ ಮೇಲಿನವರನ್ನು ಯಾರಾದರೂ ಕೇಳಿದರಾ? ನನ್ನ ಅಜ್ಜಿ ಎಂಬತ್ತರವರೆಗೆ ಕವಡೆ ಹಿಡಿದು ಚೌಕಾಬಾರ ಆಡಿದಳು. ಹಂಪಿಗೆ ಹೋದವರು ಗಮನಿಸಿರಬಹುದು, ದೇವಸ್ಥಾನದ ಕಲ್ಲುಹಾಸಿನ ಮೇಲೇ ಆಟದ ಮನೆಗಳನ್ನು ಕೊರೆದಿದ್ದಾರೆ. ಕೊರೆದವರೇನು ಎಳೇ ಮಕ್ಕಳಾ?

"ಹಾಗಲ್ಲ ಮೇಡಂ, ಚಟ ಅನ್ನೋದು ಒಂದಿದೆ" ಅಂತ ಒಬ್ಬರಾದರೂ ಕಮೆಂಟ್ ಹಾಕ್ತೀರಿ. ಗೊತ್ತು. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಚಟವನ್ನು 2019ರಲ್ಲಿ ಕಾಯಿಲೆಗಳ ಪಟ್ಟಿಗೆ ಸೇರಿಸಿತು, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೂ ಮೊದಲೇ, 2014ರಿಂದ, ಶಟ್ ಕ್ಲಿನಿಕ್ ಅಂತ ಪ್ರತ್ಯೇಕ ಚಿಕಿತ್ಸಾಲಯ ನಡೆಯುತ್ತಿದೆ. ಆದರೆ ಆ ಪಟ್ಟಿಯಲ್ಲಿ ವಯಸ್ಸು ಬರೆದಿಲ್ಲ. ಆಟ ಕೈ ಮೀರಿದೆಯಾ, ಊಟ ನಿದ್ದೆ ಕೆಲಸಕ್ಕಿಂತ ಅದೇ ಮೇಲಾಗಿದೆಯಾ, ಹಾಳಾಗ್ತಿದೆ ಅಂತ ಗೊತ್ತಿದ್ದೂ ಬಿಡೋಕಾಗ್ತಿಲ್ಲವಾ, ಅಷ್ಟನ್ನೇ ಕೇಳೋದು. ನನ್ನ ಗೇಮಿನಲ್ಲಿ ಒಂದು ದಿನ ಅಂದರೆ ಸುಮಾರು 14 ನಿಮಿಷ. ದಿನಕ್ಕೆ ಎರಡು ದಿನ ಆಡ್ತೀನಿ. ಅಲ್ಲಿ ರಾತ್ರಿ 2 ಗಂಟೆಯೊಳಗೆ ಮಲಗದಿದ್ದರೆ ತಲೆ ತಿರುಗಿ ಬೀಳ್ತೀವಿ, ಅಷ್ಟು ಮರ್ಯಾದಸ್ಥ ಗೇಮು. ನೀರು ಬಿಡಿಸೋಕೆ ನೀರಗಂಟಿಯ ಕಾಲು ಹಿಡಿಯಬೇಕಿಲ್ಲ, ಭದ್ರಾ ನಾಲೆಯ ಕೊನೇ ಭಾಗದವರು ಅಂತ ಒಣಗಬೇಕಿಲ್ಲ. ಅಪ್ಪ ಮಾರಿದ ಎರಡು ಎಕರೆ ಗದ್ದೆ ಆ ಕೊನೇ ಭಾಗದ್ದೇ. ಇದನ್ನು ಮಾವನಿಗೆ ಹೇಳಬೇಕಿತ್ತು, ಹೊಳೆದಿದ್ದು ವಾಪಸ್ ಬರುವಾಗ ಬಸ್ಸಲ್ಲಿ.

ಶುರು ಮಾಡೋ ವಯಸ್ಸಿಗೆ ಮಾತ್ರ ಬರೆದಿಟ್ಟ ಲೆಕ್ಕ ಇದೆ. ಅದೇ ವಿಶ್ವ ಆರೋಗ್ಯ ಸಂಸ್ಥೆ ಅದೇ 2019ರಲ್ಲಿ ಹೇಳಿದ್ದು, ವರ್ಷ ತುಂಬದ ಮಕ್ಕಳಿಗೆ ಪರದೆ ಬೇಡವೇ ಬೇಡ, ಒಂದು ವರ್ಷದ ಮಕ್ಕಳಿಗೂ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ಹೆಚ್ಚೆಂದರೆ ದಿನಕ್ಕೆ ಒಂದು ಗಂಟೆ, ಕಡಿಮೆ ಆದಷ್ಟೂ ಒಳ್ಳೇದು. ಚೀನಾದವರಂತೂ 2021ರಿಂದ 18ರೊಳಗಿನವರಿಗೆ ಶುಕ್ರವಾರ, ಶನಿವಾರ, ಭಾನುವಾರ ಮತ್ತೆ ಸರ್ಕಾರಿ ರಜೆಗಳಲ್ಲಿ ಮಾತ್ರ, ಅದೂ ರಾತ್ರಿ 8ರಿಂದ 9, ಅಂತ ಕಟ್ಟುಪಾಡು ಮಾಡಿದರು. ಅಷ್ಟೆಲ್ಲಾ ಬೇಡಪ್ಪಾ. ಹದಿನಾರು ತಿಂಗಳ ಕೂಸಿನ ಎದುರಿನ ಫೋನನ್ನು ತೆಗೆದು ಮಗ್ಗುಲಿಗಿಡೋಕೆ ಯಾವ ಸರ್ಕಾರ ಬೇಕು? ಆ ಕೂಸು ಆಡ್ತೀನಿ ಅಂತ ಕೇಳಿರಲಿಲ್ಲ. ಬಿಡು ಅಂದರೆ ಬಿಡೋಕೆ ಅದಕ್ಕೆ ಬರೋದೂ ಇಲ್ಲ. ನಾನಾದರೂ ಫೋನ್ ಮುಚ್ಚಿ ಎದ್ದು ಹೋಗಬಲ್ಲೆ. ಕೇಳೋದು ಮಾತ್ರ ನನ್ನನ್ನು.

ಇಷ್ಟೆಲ್ಲಾ ಬರೆದ ಮೇಲೆ ಒಂದು ವಿಷಯ ಮುಚ್ಚಿಡೋಕಾಗಲ್ಲ.

2012ರ ಮಾರ್ಚ್. ಬ್ಯಾಂಕಲ್ಲಿ ಮಾರ್ಚ್ ಕ್ಲೋಸಿಂಗ್, ರಾತ್ರಿ ಒಂಬತ್ತಾದರೂ ಮನೆಗಿಲ್ಲ. ಬಂದ ಮೇಲೆ ಮಗ ಊಟ ಮಾಡಲ್ಲ, ಅಳು, ಹಟ. ಮೂರು ವರ್ಷದವನ ಕೈಗೆ ಆಂಗ್ರಿ ಬರ್ಡ್ಸ್ ಹಾಕಿ ಫೋನ್ ಕೊಟ್ಟವಳು ನಾನೇ. ಹಂದಿ ಬಿದ್ದಾಗಲೆಲ್ಲ ಒಂದು ತುತ್ತು. ಹತ್ತು ನಿಮಿಷದಲ್ಲಿ ತಟ್ಟೆ ಖಾಲಿ. ಆ ರಾತ್ರಿ ನಾನು ಎಷ್ಟು ನೆಮ್ಮದಿಯಾಗಿ ಮಲಗಿದೆ ಅನ್ನೋದು ಇವತ್ತಿಗೂ ನೆನಪಿದೆ. ಭಾನುವಾರ ಆ ಕೂಸಿನ ಅಮ್ಮನನ್ನು ಕಂಡಾಗ ಸಿಟ್ಟು ಬಂದಿದ್ದು ಪೂರ್ತಿ ಅವಳ ಮೇಲಲ್ಲ.

ಆಮೇಲಿನದು ನಿಮಗೆ ಗೊತ್ತು, ಆಗ ಇಲ್ಲೇ ಅತ್ತಿದ್ದೆ. ಆನ್‌ಲೈನ್ ಕ್ಲಾಸಿನ ಹೆಸರಲ್ಲಿ ಪಬ್‌ಜಿ, ಕದ ಹಾಕಿಕೊಂಡ ರೂಮು, ಊಟಕ್ಕೆ ಕರೆದರೆ ಎಗರಾಟ. 2020ರ ಸೆಪ್ಟೆಂಬರ್ 2ಕ್ಕೆ ಸರ್ಕಾರ ಅದನ್ನು ನಿಷೇಧಿಸಿದಾಗ ಆಂಜನೇಯನಿಗೆ ಕಾಯಿ ಒಡೆಸಿದ್ದೆ. ಮಾರನೇ ವರ್ಷ ಜುಲೈಗೆ ಅದೇ ಗೇಮು ಬೇರೆ ಹೆಸರಲ್ಲಿ ಬಂತು, 18ರೊಳಗಿನವರಿಗೆ ದಿನಕ್ಕೆ ಮೂರು ಗಂಟೆ ಅನ್ನೋ ಮಿತಿಯ ಜೊತೆ. ಅವನು ನನ್ನ ನಂಬರಿಂದ ಆಡಿದ. ಕಾಯಿ ದಂಡ.

ಈಗ ಅವನಿಗೆ 17. ಹೋದ ವರ್ಷ ಒಂದು ದಿನ ತಾನಾಗಿಯೇ ಬಿಟ್ಟ. ನಾನು ಬೈದಿದ್ದಕ್ಕಲ್ಲ, ಮಾವಂದಿರು ಬುದ್ಧಿ ಹೇಳಿದ್ದಕ್ಕಲ್ಲ, ಶಟಲ್ ಆಡೋ ಗೆಳೆಯರು ಸಿಕ್ಕಿದರು, ಅಷ್ಟೇ. ಈಗ ನನ್ನ ಫೋನ್ ನೋಡಿ "ಅಮ್ಮಾ, ಇನ್ನೂ ಅದನ್ನೇ ಆಡ್ತಿದೀಯಾ?" ಅಂತಾನೆ. ಥೇಟ್ ಮಾವನ ದನಿ.

ಇವತ್ತು ಬೆಳಿಗ್ಗೆ ಆ ಕೂಸಿನ ಅಮ್ಮ ವಾಟ್ಸಾಪ್ ಮಾಡಿದ್ದಾಳೆ. "ಅಕ್ಕಾ, ನಿಮಗೆ ಗೇಮ್ಸ್ ಬಗ್ಗೆ ಚೆನ್ನಾಗಿ ಗೊತ್ತಂತಲ್ಲ, ಮಾವ ಹೇಳಿದ್ರು. ಪಾಪುಗೆ ಎಬಿಸಿಡಿ ಕಲಿಸೋ ಥರದ್ದು ಯಾವುದಾದ್ರೂ ಇದ್ರೆ ಹೇಳಿ, ಊಟ ಮಾಡಿಸುವಾಗ ಹಾಕ್ತೀನಿ."

ಎರಡು ಸಲ ಟೈಪ್ ಮಾಡಿ ಅಳಿಸಿದೆ. ನೀಲಿ ಟಿಕ್ ಬಿದ್ದಾಗಿದೆ, ಸಂಜೆಯೊಳಗೆ ಏನಾದರೂ ಬರೆಯಲೇಬೇಕು. ನನ್ನ ಹೊಲದಲ್ಲಿ ಈಗ ಚಳಿಗಾಲ, ಹೆಚ್ಚೇನೂ ಬಿತ್ತೋ ಹಾಗಿಲ್ಲ. ಮೀನು ಹಿಡಿಯೋಕೆ ಹೊರಟಿದ್ದೀನಿ.