ಅರ್ಥವಿಲ್ಲದ ಹೆಸರಿಗೆ ಮೊದಲ ಮಣೆ

ಸಣ್ಣ ಉದ್ಯಮವೊಂದನ್ನು ಆರಂಭಿಸುವವನಿಗೆ ಬಂಡವಾಳ, ಜಾಗ, ಗಿರಾಕಿಗಳು ಎಲ್ಲವೂ ಹೇಗೋ ಒದಗಿಬಿಡಬಹುದು. ಒದಗದೆ ಸತಾಯಿಸುವುದು ಹೆಸರು. ತಾನು ಏನನ್ನು ಮಾರುತ್ತೇನೆಂದು ತಿಳಿಸುವುದಕ್ಕೇ ಅಂಗಡಿಗೊಂದು ಹೆಸರಿರುತ್ತದೆ ಎಂಬ ಹಳೆಯ ನಂಬಿಕೆಯನ್ನು ಆತ, ಸರಕಿನ ಹೆಸರನ್ನು ಒಬ್ಬರ ಗುರುತಾಗಿ ನೋಂದಾಯಿಸಿಕೊಡುವ ಟ್ರೇಡ್‌ಮಾರ್ಕ್ ಕಚೇರಿಯ ಹೊಸ್ತಿಲಲ್ಲಿಯೇ ಬಿಟ್ಟು ಒಳಗೆ ಹೋಗುವುದು ಕ್ಷೇಮ.

ಮೇಣದಬತ್ತಿ ತಯಾರಿಸುವ ಒಬ್ಬ ಸಜ್ಜನನನ್ನು ತೆಗೆದುಕೊಳ್ಳೋಣ. ಅರ್ಜಿಯಲ್ಲಿ ಆತ ‘ಶುದ್ಧ ಮೇಣದಬತ್ತಿ’ ಎಂದು ಬರೆದರೆ, ಇದು ಸರಕನ್ನು ವರ್ಣಿಸುವ ಮಾತು, ಎಲ್ಲ ತಯಾರಕರಿಗೂ ಬೇಕಾದದ್ದು, ಒಬ್ಬರ ಸ್ವತ್ತಾಗಿ ಬರೆದುಕೊಡಲಾಗದು ಎಂದು ಪರಿಶೀಲನಾಧಿಕಾರಿಗಳು ಹಿಂದಿರುಗಿಸುತ್ತಾರೆ. ಇದರಲ್ಲಿ ನ್ಯಾಯವಿದೆ, ಒಪ್ಪಬೇಕು. ಆದರೆ ಆತ ಅದನ್ನು ‘ಜೇನುಮೇಣ’ ಎಂದು ತಿದ್ದಿಕೊಂಡು ಬಂದಾಗ ಆಟ ಕಳೆಗಟ್ಟುತ್ತದೆ. ಬತ್ತಿ ನಿಜಕ್ಕೂ ಜೇನುಮೇಣದ್ದಾಗಿದ್ದರೆ ಹೆಸರು ಬರಿಯ ವರ್ಣನೆ, ಆದ್ದರಿಂದ ತಿರಸ್ಕೃತ. ಬೇರೆ ಮೇಣದ್ದಾಗಿದ್ದರೆ ಹೆಸರು ಜನರನ್ನು ದಾರಿ ತಪ್ಪಿಸುವಂಥದ್ದು, ಆದ್ದರಿಂದಲೂ ತಿರಸ್ಕೃತ. ಅತ್ತ ದರಿ, ಇತ್ತ ಪುಲಿ. ನಿಜ ಹೇಳಿದವನನ್ನೂ ಸುಳ್ಳು ಹೇಳಿದವನನ್ನೂ ಇಷ್ಟು ಸಮಭಾವದಿಂದ ಕಾಣುವ ಇನ್ನೊಂದು ಇಲಾಖೆ ಇರಲಾರದು.

ಹಾಗಾದರೆ ಯಾವ ಹೆಸರು ಆದೀತು? ಏನನ್ನೂ ಹೇಳದ ಹೆಸರು. 1888ರಲ್ಲಿ ಜಾರ್ಜ್ ಈಸ್ಟ್‌ಮನ್ ತನ್ನ ಕ್ಯಾಮೆರಾಕ್ಕೆ ‘ಕೊಡಾಕ್’ ಎಂದು ಹೆಸರಿಟ್ಟಾಗ ಆ ಪದಕ್ಕೆ ಅರ್ಥವೇ ಇರಲಿಲ್ಲ. ಕೆ ಎಂಬ ಇಂಗ್ಲಿಷ್ ಅಕ್ಷರದ ಮೇಲೆ ಆತನಿಗೆ ಮೋಹವಿತ್ತು, ಅಷ್ಟೆ. ಇಂದಿಗೂ ಈ ಕ್ಷೇತ್ರದ ವಕೀಲರು ಹೊಸದಾಗಿ ಹುಟ್ಟಿಸಿದ ಪದವನ್ನು ಅತ್ಯಂತ ಬಲವಾದ ಗುರುತೆಂದು ತೋರಿಸುವಾಗ ಕೊಡಾಕನ್ನೇ ನೆನೆಯುತ್ತಾರೆ. ಹೀಗಾಗಿ ನಮ್ಮ ಬತ್ತಿಯವನು ರಾತ್ರಿಯೆಲ್ಲ ಕುಳಿತು ಅಕ್ಷರಗಳನ್ನು ಕಲಸಿ, ಉಚ್ಚರಿಸಲು ನಾಲಿಗೆಯೇ ಹೊರಳದ ಮೂರಕ್ಷರವೊಂದನ್ನು ಸಿದ್ಧಪಡಿಸುತ್ತಾನೆ. ಅದನ್ನೇ ಹೋಲುವ ಸದ್ದಿನ ಹೆಸರನ್ನು ಇನ್ನಾರೋ ಮೊದಲೇ ನೋಂದಾಯಿಸಿರುತ್ತಾರೆ. ಕಾಗುಣಿತ ಬೇರೆಯಾದರೂ ಕಿವಿಗೆ ಒಂದೇ ಎನ್ನುವುದು ಆಕ್ಷೇಪಣೆಗೆ ಸಾಕು.

ವರ್ಣನೆಯ ಹೆಸರೇ ಬೇಕೆಂದು ಹಟ ಹಿಡಿದವನಿಗೂ ಒಂದು ದಾರಿಯುಂಟು. ಆ ಹೆಸರನ್ನು ವರ್ಷಗಟ್ಟಲೆ ಬಳಸಿ, ಜಾಹೀರಾತಿಗೆ ಹಣ ಸುರಿದು, ಅದನ್ನು ಕೇಳಿದೊಡನೆ ಜನರಿಗೆ ಅವನೊಬ್ಬನೇ ನೆನಪಾಗುವಂತೆ ಮಾಡಿ, ಅದಕ್ಕೆಲ್ಲ ಪುರಾವೆ ತಂದರೆ ನೋಂದಣಿ ದೊರೆಯಬಹುದು. ಅಷ್ಟು ವರ್ಷ ಪಕ್ಕದವನು ಅದೇ ಹೆಸರನ್ನು ಹಚ್ಚಿಕೊಂಡರೆ ತಡೆಯುವುದು ಹೇಗೆ ಎಂದು ಕೇಳಬಾರದು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಯುವುದನ್ನು ನಮ್ಮ ಹಿರಿಯರು ಗೇಲಿ ಮಾಡಿದರು. ಇಲ್ಲಿ ಕೂಸಿಗೆ ಮೀಸೆ ಬಂದ ಮೇಲೆ ಕುಲಾವಿ.

ಹೆಸರು ಸಿಕ್ಕಿತೆನ್ನಿ, ಮುಂದಿನದು ವರ್ಗ. ಟ್ರೇಡ್‌ಮಾರ್ಕ್ ನೋಂದಣಿಗಾಗಿ ಸರಕು, ಸೇವೆಗಳನ್ನು ವಿಂಗಡಿಸಲು ದೇಶಗಳು ಮಾಡಿಕೊಂಡ 1957ರ ನೀಸ್ ಒಪ್ಪಂದದ ಕೂಸಾದ ವರ್ಗೀಕರಣವು ಇಂದು ಜಗತ್ತಿನ ವ್ಯಾಪಾರವನ್ನೆಲ್ಲ 45 ವರ್ಗಗಳಲ್ಲಿ ತುಂಬಿದೆ. 34 ಸರಕಿಗೆ, 11 ಸೇವೆಗೆ. ಮೇಣದಬತ್ತಿ 4ನೆಯ ವರ್ಗದಲ್ಲಿ, ಕೈಗಾರಿಕಾ ಎಣ್ಣೆ, ಗ್ರೀಸ್ ಮತ್ತು ಇಂಧನಗಳ ನಡುವೆ ಕುಳಿತಿದೆ. ಅದನ್ನು ಹಚ್ಚುವ ಬೆಂಕಿಕಡ್ಡಿ 34ರಲ್ಲಿ, ತಂಬಾಕಿನ ಸಹವಾಸದಲ್ಲಿ. ಅದನ್ನು ನಿಲ್ಲಿಸುವ ಕಂಬ 21ರಲ್ಲಿ, ಅಡುಗೆ ಪಾತ್ರೆಗಳ ಜೊತೆ. ಬತ್ತಿ, ಕಡ್ಡಿ, ಕಂಬ ಮೂರನ್ನೂ ಒಂದೇ ಡಬ್ಬಿಯಲ್ಲಿಟ್ಟು ಮಾರುವವನು ಮೂರು ವರ್ಗಗಳಿಗೆ ಅರ್ಜಿ ಹಾಕಬೇಕಾದೀತು, ಮತ್ತು ಬಹುತೇಕ ಕಡೆ ಶುಲ್ಕವನ್ನು ವರ್ಗದ ಲೆಕ್ಕದಲ್ಲಿಯೇ ಎಣಿಸುತ್ತಾರೆ. ಜಗತ್ಪ್ರಸಿದ್ಧ ಹೆಸರುಗಳಿಗೆ ಈ ಗೋಡೆಗಳ ಕಾಟ ಅಷ್ಟಿಲ್ಲ. ತಮ್ಮದಲ್ಲದ ವರ್ಗದಲ್ಲಿಯೂ ಅವುಗಳಿಗೆ ರಕ್ಷಣೆಯುಂಟು. ಗೋಡೆಗಳೇನಿದ್ದರೂ ಡಬ್ಬಿ ಹಿಡಿದು ನಿಂತವನಿಗೆ.

ಅಷ್ಟರಲ್ಲಿ ಆತ ಇನ್ನೊಂದು ಕಚೇರಿಯ ಪ್ರಮಾಣಪತ್ರ ತೆಗೆದು, ಉದ್ಯಮದ ಹೆಸರನ್ನು ಆಗಲೇ ನೋಂದಾಯಿಸಿ ಮುದ್ರೆ ಹಾಕಿಕೊಟ್ಟಿದ್ದಾರಲ್ಲ ಎಂದು ತೋರಿಸುತ್ತಾನೆ. ಅದು ಉದ್ಯಮಗಳ ದಾಖಲೆಗೆ ಸೇರಿದ್ದು, ಸರಕಿನ ಗುರುತಿನ ಹಕ್ಕು ಅದರಿಂದ ಬರುವುದಿಲ್ಲ ಎಂಬ ಉತ್ತರ ಸಿದ್ಧವಾಗಿರುತ್ತದೆ. ಒಂದು ಕಿಟಕಿಯಲ್ಲಿ ಅಭಿನಂದನೆ, ಇನ್ನೊಂದರಲ್ಲಿ ಆಕ್ಷೇಪಣೆ, ಎರಡರಲ್ಲಿಯೂ ರಸೀದಿ. ಸ್ವಾರಸ್ಯವೆಂದರೆ, ವ್ಯಾಪಾರದ ಹೆಸರಿಗೆ ಅರ್ಜಿ ಅಥವಾ ನೋಂದಣಿಯ ಕಟ್ಟುಪಾಡಿಲ್ಲದೆಯೇ ರಕ್ಷಣೆ ಕೊಡಬೇಕೆಂದು ಕೈಗಾರಿಕಾ ಸ್ವತ್ತಿನ ರಕ್ಷಣೆಗಾಗಿ ದೇಶಗಳು ಮಾಡಿಕೊಂಡ 1883ರ ಪ್ಯಾರಿಸ್ ಒಪ್ಪಂದದ 8ನೆಯ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಅದನ್ನು ನಂಬಿ ಮನೆಯಲ್ಲಿ ಕುಳಿತವನು ಆ ಹೆಸರು ತನ್ನದೆಂದು ನ್ಯಾಯಾಲಯದಲ್ಲಿ ಸಾಬೀತು ಮಾಡಬೇಕಾಗುತ್ತದೆ, ಸ್ವಂತ ಖರ್ಚಿನಲ್ಲಿ.

ಇಷ್ಟನ್ನೂ ದಾಟಿ ಆತ ಗೆದ್ದನೆನ್ನೋಣ; ಬಹಳ ಗೆಲ್ಲದಂತೆಯೂ ನೋಡಿಕೊಳ್ಳಬೇಕು. ಜನರು ಆ ಜಾತಿಯ ಸರಕನ್ನೆಲ್ಲ ಅವನ ಹೆಸರಿನಿಂದಲೇ ಕರೆಯತೊಡಗಿದರೆ ಅದು ಸಾಮಾನ್ಯ ಪದವಾಗಿ ಕೈಬಿಟ್ಟುಹೋಗುತ್ತದೆ. ಅಮೆರಿಕದಲ್ಲಿ ಆಸ್ಪಿರಿನ್ 1921ರಲ್ಲಿ ಹೀಗೆಯೇ ಎಲ್ಲರದಾಯಿತು, ಎಸ್ಕಲೇಟರ್ 1950ರಲ್ಲಿ. ಅರ್ಥವಿಲ್ಲದ ಮೂರಕ್ಷರಕ್ಕೆ ಗಿರಾಕಿಗಳು ಪ್ರೀತಿಯಿಂದ ‘ಮೇಣದಬತ್ತಿ’ ಎಂಬ ಅರ್ಥವನ್ನು ತುಂಬಿಕೊಟ್ಟ ದಿನವೇ ಅದು ವರ್ಣನೆಯೆಂದು ತೀರ್ಮಾನವಾಗಿ ಕಡತ ಮುಚ್ಚುತ್ತದೆ. ಹೊಸ ಹೆಸರಿಗೆ ಆತ ಧಾರಾಳವಾಗಿ ಅರ್ಜಿ ಹಾಕಬಹುದು. ವರ್ಗ ಮಾತ್ರ ಅದೇ 4ನೆಯದು.