ಹುಳ ತಿಂದ ಎಲೆಗೆ ಬಹುಮಾನವಿಲ್ಲ

ಮಕ್ಕಳ ಚಿತ್ರಕಲಾ ಸ್ಪರ್ಧೆಯ ಈ ವರ್ಷದ ಫಲಿತಾಂಶವೂ ಬಂತು. ಫೋಟೋ ನೀವೂ ನೋಡಿರುತ್ತೀರಿ. ನೋಡಿಲ್ಲವಾದರೆ ಹೋದ ವರ್ಷದ್ದನ್ನೇ ನೆನಪಿಸಿಕೊಳ್ಳಿ, ಸಾಕು. ಹಿಂದೆ ಗೋಡೆಯಷ್ಟಗಲದ ಫ್ಲೆಕ್ಸು, ಅದರಲ್ಲಿ ಎರಡು ಅಂಗೈ ಹಸಿರು ಭೂಮಿಯನ್ನು ಹೊತ್ತು ನಿಂತಿವೆ. ಪಕ್ಕದಲ್ಲಿ ಥರ್ಮೋಕೋಲಿನ ಮರ. ನಡುವೆ ಅತಿಥಿಗಳು, ಅವರ ಕೈಯಲ್ಲಿ ಪ್ಲಾಸ್ಟಿಕ್ ಸುತ್ತಿದ ಹೂಗುಚ್ಛ. ಅಂಚಿನಲ್ಲಿ, ಅರ್ಧ ಭುಜ ಚೌಕಟ್ಟಿನ ಹೊರಗೆ ಹೋದವರು ಮಕ್ಕಳು. ಮಕ್ಕಳ ಮತ್ತು ಹದಿಹರೆಯದವರ ಪ್ರಕೃತಿ ಪ್ರೇರಿತ ಚಿತ್ರಕಲಾ ಸ್ಪರ್ಧೆ. ಪ್ರಕೃತಿಯೊಂದನ್ನು ಬಿಟ್ಟು ಉಳಿದವರೆಲ್ಲ ಬಂದಿದ್ದರು.

ನಾನೂ ಹೋಗಿದ್ದೆ. ತಂಗಿಯ ಮಗಳನ್ನು ಕರೆದೊಯ್ಯುವ ಕೆಲಸ ನನ್ನ ತಲೆಗೆ ಬಂದಿತ್ತು. ಸಭಾಂಗಣದ ಕಿಟಕಿಗಳಿಗೆಲ್ಲ ದಪ್ಪ ಪರದೆ ಎಳೆದಿದ್ದರು. ಏಸಿಯ ತಂಪು ಹೊರಗೆ ಹೋಗಬಾರದಲ್ಲ. ಕೊನೆಯ ಸಾಲಿನಲ್ಲಿ ಪೆನ್ಸಿಲ್ ಕಚ್ಚುತ್ತ ಕೂತಿದ್ದ ಹುಡುಗನೊಬ್ಬ ಮೆಲ್ಲಗೆ ಪರದೆಯ ಮೂಲೆ ಎತ್ತಿ, ಹೊರಗಿದ್ದ ಮರದ ಕಡೆ ನೋಡಿದ. ಎರಡೇ ಸೆಕೆಂಡು. ಕೊರಳಲ್ಲಿ ಹಸಿರು ಟ್ಯಾಗ್ ನೇತುಹಾಕಿಕೊಂಡ ಸ್ವಯಂಸೇವಕಿ ಬಂದು ಪರದೆ ಸರಿಮಾಡಿದರು. “ನೋಡ್ಕೊಂಡು ಬರೆಯೋ ಹಾಗಿಲ್ಲ ಪುಟ್ಟಾ, ರೂಲ್ ನಂಬರ್ ಏಳು.” ಹುಡುಗ ತಬ್ಬಿಬ್ಬಾದ. ಪಾಪ, ಅವನಿಗೇನು ಗೊತ್ತು? ಮರ ನೋಡಿ ಮರ ಬರೆದರೆ ಕಾಪಿ. ಮರದ ಕಡೆ ಬೆನ್ನು ಹಾಕಿ ಮರ ಬರೆದರೆ ಪ್ರೇರಣೆ.

ಆ ನಿಯಮಾವಳಿ ಬರೆದ ಮಹಾನುಭಾವರಿಗೆ ಯಾರಾದರೂ ಒಂದು ಬಹುಮಾನ ಕೊಡಬೇಕು. ಹಾಳೆ ಎ3 ಅಳತೆಯದೇ ಆಗಿರತಕ್ಕದ್ದು. ಚಿತ್ರದಲ್ಲಿ ಮನುಷ್ಯರ ಆಕೃತಿ, ಮುಖ ಇರತಕ್ಕದ್ದಲ್ಲ. ಬಣ್ಣ ಗೆರೆಯಿಂದಾಚೆ ಹೋಗತಕ್ಕದ್ದಲ್ಲ. ಅಂಕಗಳು: ನೀಟ್‌ನೆಸ್ 10, ಬಣ್ಣ ತುಂಬುವಿಕೆ 10, ಸಂದೇಶ 10. ಗಮನಿಸಿದ್ದಕ್ಕೆ ಅಂಕವಿಲ್ಲ. ಸರಿಯಾಗಿಯೇ ಇದೆ ಬಿಡಿ, ಗಮನಿಸಲು ಬಿಟ್ಟಿದ್ದರೆ ತಾನೆ.

ಈಗ ‘ಸೀನರಿ’ಯ ವಿಚಾರಕ್ಕೆ ಬರೋಣ. ಎರಡು ತ್ರಿಕೋನದ ಬೆಟ್ಟ, ನಡುವೆ ಅರ್ಧ ಸೂರ್ಯ, ಸೂರ್ಯನ ಬುಡದಿಂದಲೇ ಹೊರಟು ಬಳುಕುತ್ತ ಕೆಳಗಿಳಿಯುವ ನದಿ, ಮೇಲೆ ಟಿಕ್ ಮಾರ್ಕಿನಂಥ ಹಕ್ಕಿಗಳು. ಸೂರ್ಯನಿಂದ ಹುಟ್ಟುವ ಆ ನದಿಯ ನೀರು ಬೆಟ್ಟದ ತಪ್ಪಲಿಗೆ ಬರುವಾಗಲಾದರೂ ಕುದಿಯುವುದು ನಿಂತಿರುತ್ತದೋ ಇಲ್ಲವೋ ಎಂದು ನಾನು ಬಹಳ ದಿನದಿಂದ ಯೋಚಿಸಿದ್ದೇನೆ. ಹಕ್ಕಿಗಳಂತೂ ಯಾವ ಜಾತಿಯವೂ ಅಲ್ಲ. ಲೆಕ್ಕದ ಮೇಷ್ಟರು ಆಕಾಶವನ್ನು ತಿದ್ದಿ, ಎಲ್ಲ ಸರಿಯಿದೆ ಎಂದು ಗುರುತು ಹಾಕಿದಂತೆ ಕಾಣುತ್ತವೆ.

ಮಕ್ಕಳನ್ನು ಬೈಯುತ್ತಿದ್ದೇನೆ ಎಂದುಕೊಳ್ಳಬೇಡಿ. ಏಳೆಂಟು ವರ್ಷದ ಮಗು ತನ್ನ ಪಾಡಿಗೆ ಬರೆದರೆ ಆಕಾಶ ಹಾಳೆಯ ಮೇಲಂಚಿನಲ್ಲಿ ಒಂದು ನೀಲಿ ಪಟ್ಟಿ, ನೆಲ ಕೆಳಗೊಂದು ಗೆರೆ. ನಡುವೆ ಏನಿದೆ ಎಂದು ಕೇಳಿದರೆ ‘ಗಾಳಿ’ ಅನ್ನುತ್ತದೆ. ಮಕ್ಕಳ ಕಲೆಯ ಬಗ್ಗೆ ಬರೆದ ವಿಕ್ಟರ್ ಲೋವೆನ್‌ಫೆಲ್ಡ್ 1947ರಲ್ಲೇ ಇದನ್ನು ಬೆಳವಣಿಗೆಯ ಒಂದು ಹಂತ ಎಂದು ವಿವರಿಸಿದ್ದರು. ಆ ನೀಲಿ ಪಟ್ಟಿ ಮಗುವಿನ ಸ್ವಂತ ಆಸ್ತಿ. ಸೀನರಿ ಹಾಗಲ್ಲ, ಅದು ದೊಡ್ಡವರು ಕೈಹಿಡಿದು ತಿದ್ದಿಸಿದ ಕಾಪಿ ಪುಸ್ತಕ. ತಮಾಷೆಯೆಂದರೆ ನೀಲಿ ಪಟ್ಟಿ ಬರೆದ ಮಗುವಿಗೆ ‘ಆಕಾಶ ಪೂರ್ತಿ ತುಂಬಿಲ್ಲ’ ಎಂದು ಅಂಕ ಕಳೆದರು. ಗಾಳಿಗೆ ಬಣ್ಣ ಹಚ್ಚದಿರುವುದು ಅಪರಾಧ.

ನನಗೊಂದು ಕೆಟ್ಟ ಚಾಳಿ. ಇಂಥ ಕಡೆ ಕೂತಾಗ ಹಳೆಯ ಕಲಾವಿದರನ್ನೆಲ್ಲ ಸ್ಪರ್ಧೆಗೆ ಕೂರಿಸಿ ನೋಡುತ್ತೇನೆ. ಆಲ್ಬ್ರೆಕ್ಟ್ ಡ್ಯೂರರ್ 1503ರಲ್ಲಿ ಒಂದು ಹಿಡಿ ಹುಲ್ಲುಗಡ್ಡೆಯನ್ನು ಜಲವರ್ಣದಲ್ಲಿ ಬರೆದ. ಹುಲ್ಲು, ಕಳೆ, ಬೇರಿಗಂಟಿದ ಮಣ್ಣು, ಇಷ್ಟೇ. ವಿಯೆನ್ನಾದ ಆಲ್ಬರ್ಟೀನಾ ಸಂಗ್ರಹಾಲಯ ಅದನ್ನು ಇವತ್ತಿಗೂ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದೆ. ನಮ್ಮಲ್ಲಿ ಅವನು ಮೊದಲ ಸುತ್ತಿನಲ್ಲೇ ಔಟು. ಎ3 ಹಾಳೆಯ ಅಗಲ 29.7 ಸೆಂಟಿಮೀಟರ್, ಅವನ ಚಿತ್ರದ್ದು 31 ದಾಟುತ್ತದೆ. ಸಾಲದ್ದಕ್ಕೆ ಸಂದೇಶವೂ ಇಲ್ಲ.

ಮರಿಯಾ ಸಿಬಿಲಾ ಮೇರಿಯನ್ ಅವಳ ಕಥೆ ಇನ್ನೂ ಕಷ್ಟ. 1647ರಲ್ಲಿ ಹುಟ್ಟಿದವಳು, ಹದಿಮೂರನೇ ವಯಸ್ಸಿಗೇ ರೇಷ್ಮೆ ಹುಳ ಸಾಕಿ, ಅದು ಗೂಡು ಕಟ್ಟುವುದನ್ನು, ಪತಂಗವಾಗುವುದನ್ನು ಗಮನಿಸತೊಡಗಿದ್ದಳು. ಹುಳುಗಳು ಕೆಸರಿನಿಂದ, ಕೊಳೆತದ್ದರಿಂದ ತಾವಾಗಿ ಹುಟ್ಟುತ್ತವೆ ಎಂದು ಬಹಳ ಮಂದಿ ನಂಬಿದ್ದ ಕಾಲವದು. ಐವತ್ತು ದಾಟಿದ ಮೇಲೆ, 1699ರಲ್ಲಿ, ಮಗಳನ್ನು ಕರೆದುಕೊಂಡು ಹಡಗು ಹತ್ತಿ ದಕ್ಷಿಣ ಅಮೆರಿಕದ ಸುರಿನಾಮಿಗೆ ಹೋದಳು. 1705ರಲ್ಲಿ ಬಂದ ಅವಳ ಪುಸ್ತಕದಲ್ಲಿ ಹುಳ, ಅದು ತಿನ್ನುವ ಗಿಡ, ಹುಳ ಕೊರೆದ ಎಲೆಯ ತೂತು, ಎಲ್ಲ ಒಂದೇ ಹಾಳೆಯಲ್ಲಿವೆ. ಎಲೆಯಲ್ಲಿ ತೂತು! ನೀಟ್‌ನೆಸ್: 10ಕ್ಕೆ 2.

ಈ 2 ನಾನು ಸುಮ್ಮನೆ ಹಾಕಿದ ಅಂಕಿಯಲ್ಲ. ತಂಗಿಯ ಮಗಳಿಗೆ ಹೋದ ವರ್ಷ ಸಿಕ್ಕಿದ್ದೇ ಅಷ್ಟು. ಆಗವಳಿಗೆ ಎಂಟು ವರ್ಷ. ಒಂದೇ ಒಂದು ಎಲೆ ಬರೆದಿದ್ದಳು, ಹಾಳೆ ತುಂಬ. ಅಂಚು ಕಂದು, ತುದಿ ಮುದುಡಿದೆ, ಮಧ್ಯೆ ಐದು ತೂತು. ಒಂದು ತೂತಿನ ಪಕ್ಕ ಚಿಕ್ಕ ಕರಿ ಚುಕ್ಕಿಗಳು. “ಇದೇನಮ್ಮಾ?” ಅಂದೆ. “ಹುಳದ ಕಕ್ಕ” ಅಂದಳು, ಇಷ್ಟೂ ಗೊತ್ತಿಲ್ಲವಾ ಎಂಬ ಮುಖ ಮಾಡಿ. ಮೂರು ದಿನ ಬಗ್ಗಿ ಕೂತು ನೋಡಿದ್ದಳಂತೆ. ತೀರ್ಪುಗಾರರು ಹಾಳೆಯ ಹಿಂದೆ ಕೆಂಪು ಇಂಕಿನಲ್ಲಿ ಬರೆದರು: ‘ಹಸಿರು ಬಳಸಬೇಕಿತ್ತು. ಕಲೆಗಳಾಗಿವೆ.’ ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಹಳೆಯ ಮಾತು. ಹಿತ್ತಲ ಗಿಡ ಪ್ರಕೃತಿಯೂ ಅಲ್ಲ ಎಂದು ನನಗೆ ಗೊತ್ತಾದದ್ದು ಅವತ್ತು.

ಕಲೆಯನ್ನು ಓಟದ ಪಂದ್ಯಕ್ಕೆ ಇಳಿಸುವ ಹುಚ್ಚು ನಿನ್ನೆ ಮೊನ್ನೆಯದಲ್ಲ, ಬಿಡಿ. 1912ರಿಂದ 1948ರವರೆಗೆ ಒಲಿಂಪಿಕ್ಸ್‌ನಲ್ಲಿ ಚಿತ್ರ, ಶಿಲ್ಪ, ಸಂಗೀತ, ಸಾಹಿತ್ಯ, ವಾಸ್ತುಶಿಲ್ಪಕ್ಕೆಲ್ಲ ಪದಕ ಕೊಡುತ್ತಿದ್ದರು. 1912ರ ಸಾಹಿತ್ಯದ ಚಿನ್ನ ಯಾರಿಗೆ ಹೋಯಿತು ಗೊತ್ತೆ? ಹೊಹ್ರೋಡ್ ಮತ್ತು ಎಶ್‌ಬಾಖ್ ಎಂಬ ಜೋಡಿಗೆ. ಆ ಇಬ್ಬರೂ ಒಬ್ಬನೇ: ಪಿಯರ್ ದ ಕೂಬರ್ತಾ, ಆಧುನಿಕ ಒಲಿಂಪಿಕ್ಸ್ ಹುಟ್ಟುಹಾಕಿದ, ಈ ಕಲಾ ಸ್ಪರ್ಧೆಯನ್ನೂ ಸೇರಿಸಿದ ಆಸಾಮಿ. ಗುಪ್ತನಾಮದಲ್ಲಿ ಕವಿತೆ ಕಳಿಸಿದ್ದ. ತಾನೇ ಹಾಡಿ ತಾನೇ ಭೇಷ್ ಅಂದುಕೊಳ್ಳುವವರಿಗೆ ಇದಕ್ಕಿಂತ ದೊಡ್ಡ ಕುಲಪುರುಷ ಬೇಕೆ? ನಮ್ಮ ಸಂಘಟಕರು ಅವನ ಮುಂದೆ ಸಂಕೋಚದ ಮುದ್ದೆ, ಪ್ರಥಮ ಬಹುಮಾನ ಕಾರ್ಯದರ್ಶಿಯ ಮಗನಿಗೆ ಕೊಟ್ಟು ಸುಮ್ಮನಾಗುತ್ತಾರೆ.

ಪ್ರಕೃತಿಯ ಹೆಸರಿನ ದೊಡ್ಡವರ ಸ್ಪರ್ಧೆಗಳೂ ಸಾಮಾನ್ಯವಲ್ಲ. 2017ರಲ್ಲಿ ವನ್ಯಜೀವಿ ಛಾಯಾಗ್ರಹಣದ ಪ್ರತಿಷ್ಠಿತ ಸ್ಪರ್ಧೆಯೊಂದರಲ್ಲಿ ಗೆದ್ದ ಇರುವೆಭಕ್ಷಕನ ಫೋಟೋವನ್ನು ಮರುವರ್ಷ ಕಿತ್ತುಹಾಕಿದರು. ಅದು ಹುಲ್ಲು ತುಂಬಿ ನಿಲ್ಲಿಸಿದ ಸತ್ತ ಪ್ರಾಣಿಯೇ ಇರಬೇಕು ಎಂದು ಸ್ಪರ್ಧೆ ನಡೆಸುವ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ತೀರ್ಮಾನಿಸಿತ್ತು. 2024ರಲ್ಲಿ ಇನ್ನೊಂದು ಫೋಟೋ ಸ್ಪರ್ಧೆಯಲ್ಲಿ ಉಲ್ಟಾ ಆಯಿತು. ಕೃತಕ ಬುದ್ಧಿಮತ್ತೆಯಿಂದ ಮಾಡಿದ ಚಿತ್ರಗಳ ವಿಭಾಗದಲ್ಲಿ ಬಹುಮಾನ ಪಡೆದ ತಲೆಯಿಲ್ಲದ ಫ್ಲೆಮಿಂಗೋ ಒಂದು ನಿಜವಾದ ಫ್ಲೆಮಿಂಗೋ ಅಂತ ಗೊತ್ತಾಗಿ ಅನರ್ಹ. ಅದು ಹೊಟ್ಟೆ ಕೆರೆದುಕೊಳ್ಳಲು ಕತ್ತು ಬಗ್ಗಿಸಿತ್ತಷ್ಟೆ. ನಿಜವಾಗಿದ್ದುದೇ ತಪ್ಪಾಯಿತು ಹಕ್ಕಿಗೆ.

ಹೊಟ್ಟೆ ಉರಿಯುವುದು ಹದಿಹರೆಯದವರ ವಿಭಾಗ ನೋಡಿದಾಗ. 13ರಿಂದ 17. ಇಪ್ಪತ್ತು ಹಾಳೆಯಲ್ಲಿ ಹದಿನೆಂಟು ಒಂದೇ ಚಿತ್ರ: ಭೂಮಿಗೆ ಕಣ್ಣು, ಕಣ್ಣಲ್ಲಿ ನೀರು, ಅರ್ಧ ಮುಖ ಹಸಿರು, ಅರ್ಧ ಸುಟ್ಟು ಕರಕಲು. ಕಣ್ಣೀರಿನ ಮೇಲೆ ಗ್ಲಿಟರ್. ಗ್ಲಿಟರ್ ಅಂದರೆ ಲೋಹದ ಲೇಪ ಬಳಿದ ಪ್ಲಾಸ್ಟಿಕ್ ಹಾಳೆಯ ಪುಡಿ. ಯುರೋಪಿಯನ್ ಒಕ್ಕೂಟ 2023ರ ಅಕ್ಟೋಬರಿನಿಂದ ಪ್ಲಾಸ್ಟಿಕ್ಕಿನ ಬಿಡಿ ಗ್ಲಿಟರ್ ಮಾರುವುದನ್ನೇ ನಿಲ್ಲಿಸಿದೆ. ಇಲ್ಲಿ ಅದು ಭೂಮಿಯ ದುಃಖಕ್ಕೆ ಮಿರುಗು ಕೊಡುತ್ತಿತ್ತು. ಆ ಮಕ್ಕಳಿಗೆ ಬೇರೆ ಬರೆಯಲು ಬರುವುದಿಲ್ಲ ಅಂತಲ್ಲ. ಅಳುವ ಭೂಮಿಗೆ ಅಂಕ ಬೀಳುತ್ತದೆ ಎಂದು ಗೊತ್ತು. ಮರ ಕಡಿದವರು ನಾವು, ಕೆರೆ ಮುಚ್ಚಿದವರು ನಾವು, ಮುಚ್ಚಿದ ಜಾಗದಲ್ಲಿ ಸಭಾಂಗಣ ಕಟ್ಟಿದವರೂ ನಾವೇ. ಅಳುವ ಕೆಲಸ ಮಾತ್ರ ಅವರಿಗೆ, ಅದೂ ಎರಡು ಗಂಟೆಯೊಳಗೆ, ಎ3 ಹಾಳೆಯಲ್ಲಿ. ಆಮೇಲೆ ಮೈಕಿನ ಮುಂದೆ ನಿಂತು ‘ಭೂಮಿ ನಿಮ್ಮ ಕೈಯಲ್ಲಿದೆ ಮಕ್ಕಳೇ’ ಅನ್ನುವುದು. ನಾಚಿಕೆಯಾಗಬೇಕು.

ನಿಯಮ ನಂಬರ್ ಹದಿನೆಂಟು ಓದಿದ್ದೀರಾ? ತಂದೆತಾಯಿ ಯಾರೂ ಓದುವುದಿಲ್ಲ, ಸಹಿ ಹಾಕುತ್ತಾರೆ. ಸಲ್ಲಿಸಿದ ಚಿತ್ರಗಳ ಸಂಪೂರ್ಣ ಹಕ್ಕು ಶಾಶ್ವತವಾಗಿ ಸಂಘಟಕರದು, ಹಿಂದಿರುಗಿಸುವುದಿಲ್ಲ. ಮುಂದಿನ ವರ್ಷದ ಕ್ಯಾಲೆಂಡರಿನಲ್ಲಿ ಮಗುವಿನ ಚಿತ್ರ ಬರುತ್ತದೆ, ಮಗುವಿನ ಹೆಸರು ಬರುವುದಿಲ್ಲ, ಪ್ರಾಯೋಜಕರ ಹೆಸರು ಎರಡು ಸಲ ಬರುತ್ತದೆ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಆಟಕ್ಕೆ, ವಿರಾಮಕ್ಕೆ, ಕಲೆಯಲ್ಲಿ ಮುಕ್ತವಾಗಿ ಭಾಗವಹಿಸುವುದಕ್ಕೆ ಮಕ್ಕಳಿಗೆ ಹಕ್ಕಿದೆ ಅನ್ನುತ್ತದೆ. ಮುಕ್ತವಾಗಿ ಅಂದರೆ ಕಿಟಕಿಯ ಪರದೆ ಎತ್ತಿ ನೋಡುವುದೂ ಸೇರುತ್ತದೋ ಏನೋ.

ಬಹುಮಾನದಿಂದ ಪ್ರೋತ್ಸಾಹ ಸಿಗುತ್ತದೆ ಅಂತ ಅತಿಥಿಗಳು ಹೇಳಿದರು. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು ಇದನ್ನೇ ಪರೀಕ್ಷಿಸಿದ್ದರು. ಸ್ಕೆಚ್ ಪೆನ್ನಿನಲ್ಲಿ ಬರೆಯುವುದೆಂದರೆ ಮೊದಲೇ ಪ್ರಾಣ ಬಿಡುತ್ತಿದ್ದ ಮೂರರಿಂದ ಐದು ವರ್ಷದ ಮಕ್ಕಳನ್ನು ಆರಿಸಿದರು. ಕೆಲವರಿಗೆ ಚಿನ್ನದ ನಕ್ಷತ್ರ, ರಿಬ್ಬನ್ ಇರುವ ಸರ್ಟಿಫಿಕೇಟ್ ಕೊಡುತ್ತೇವೆ ಎಂದು ಮೊದಲೇ ಆಸೆ ತೋರಿಸಿದರು, ಕೊಟ್ಟರು. ಒಂದೆರಡು ವಾರ ಕಳೆದು, ಬಿಡುವಿನಲ್ಲಿ ಪೆನ್ನು ಮುಂದಿಟ್ಟರೆ, ಆ ಮಕ್ಕಳು ಚಿತ್ರಕ್ಕೆ ಕೊಟ್ಟ ಸಮಯ ಉಳಿದವರಿಗಿಂತ ಸುಮಾರು ಅರ್ಧ. ಮೊದಲೇ ಹೇಳದೆ ಕೊಟ್ಟಾಗ ಪಡೆದ ಮಕ್ಕಳಿಗೆ, ಏನೂ ಪಡೆಯದ ಮಕ್ಕಳಿಗೆ ಏನೂ ಆಗಲಿಲ್ಲ, ಅವರು ಬರೆದುಕೊಂಡೇ ಇದ್ದರು.

ನಮ್ಮಲ್ಲಿ ಭಾಗವಹಿಸಿದವರೆಲ್ಲರಿಗೂ ಸರ್ಟಿಫಿಕೇಟ್ ಇತ್ತು. ಹೆಸರಿನ ಜಾಗ ಖಾಲಿ, ಮನೆಯಲ್ಲಿ ಬರೆದುಕೊಳ್ಳಿ ಅಂದರು.

ಈ ಸಲ ತಂಗಿಯ ಮಗಳು ಎಲೆ ಬರೆಯಲಿಲ್ಲ. ಸ್ಪರ್ಧೆಯ ಹಿಂದಿನ ರಾತ್ರಿ ಅಭ್ಯಾಸಕ್ಕೆ ಕೂತಿದ್ದಳು. ಸ್ಕೇಲ್ ಇಟ್ಟು ಎರಡು ಬೆಟ್ಟ, ಬಳೆ ಇಟ್ಟು ಸೂರ್ಯ, ಒಂದೇ ಅಳತೆಯ ಏಳು ಹಕ್ಕಿ. ಬಣ್ಣ ಗೆರೆ ದಾಟಿರಲಿಲ್ಲ. ನಾನು ಏನೂ ಹೇಳಲಿಲ್ಲ. ಪೆನ್ಸಿಲ್ ತುದಿಯನ್ನು ಸೂರ್ಯನ ಮೇಲೆ ಹಿಡಿದು ಸ್ವಲ್ಪ ಹೊತ್ತು ಯೋಚಿಸಿ ಕೇಳಿದಳು:

“ಮಾಮಾ, ಸೂರ್ಯಂಗೆ ಕಣ್ಣು ಬಾಯಿ ಬರೀಲಾ? ಮನುಷ್ಯರ ಮುಖ ಇರಬಾರದು ಅಂತ ರೂಲ್ ಇದೆಯಲ್ಲ, ಅದಕ್ಕೆ ಸೂರ್ಯ ಸೇರುತ್ತಾ?”

ನಾನು ನಿಯಮಾವಳಿ ಹುಡುಕಲು ಎದ್ದೆ.