ಗಂಡಭೇರುಂಡ ಹೊಯ್ಸಳರ ಲಾಂಛನವಲ್ಲ

ಹಾಸನದ ವಾಟ್ಸಾಪ್ ಗುಂಪುಗಳಲ್ಲಿ ಕೆಂಪು ಬಾವುಟದ ಮೇಲೆ ಗಂಡಭೇರುಂಡ, ಅಂದರೆ ಎರಡು ತಲೆಯ ಹಕ್ಕಿ, ಇರುವ ಚಿತ್ರವೊಂದು ಓಡಾಡುತ್ತಿದೆ. ‘ಇದು ಹೊಯ್ಸಳರ ಧ್ವಜ, ಅವರಿಂದಲೇ ವಂಶಪಾರಂಪರ್ಯವಾಗಿ ಮೈಸೂರು ಒಡೆಯರಿಗೆ ಬಂತು’ ಎಂಬ ಬರಹ ಜೊತೆಗಿದೆ. ಎರಡೂ ಮಾತು ತಪ್ಪು. ಚಿತ್ರ ಒಂದು ಕಂಪ್ಯೂಟರ್ ಆಟದ್ದು. ರಾಜ ಸತ್ತರೆ ಬಾವುಟ ವಾರಸುದಾರನಿಗೆ ಹೋಗುವುದು ಆ ಆಟದ ನಿಯಮ, ನಮ್ಮ ಚರಿತ್ರೆಯಲ್ಲ.

ಹೊಯ್ಸಳರ ಲಾಂಛನ ಸಿಂಹದೊಡನೆ ಹೋರಾಡುವ ಸಳ, ಐತಿಹ್ಯದ ಪ್ರಕಾರ ಆ ವಂಶದ ಮೂಲಪುರುಷ. ಬೇಲೂರಿನ ಚೆನ್ನಕೇಶವ ದೇವಾಲಯದ ಬಾಗಿಲುಗಳ ಇಕ್ಕೆಲದಲ್ಲೇ ಅದು ನಿಂತಿದೆ, ಹೋಗಿ ನೋಡಬಹುದು. ಅದೇ ಗುಡಿಯಲ್ಲಿ ಗಂಡಭೇರುಂಡವೂ ಇದೆ, ನಿಜ. ಆದರೆ ಅದು ಒಂದು ಪ್ರಾಣಿಯನ್ನು ಇನ್ನೊಂದು ಹಿಡಿಯುವ ಸಾಲಿನ ಶಿಲ್ಪ, ಎಷ್ಟು ನೋಡಿದರೂ ತಣಿಯದಷ್ಟು ಸೊಗಸಾದದ್ದು. ರಾಜಮುದ್ರೆ ಮಾತ್ರ ಅಲ್ಲ. ಗೊಂದಲ ಬಹುಶಃ ಇಲ್ಲಿಂದಲೇ ಹುಟ್ಟಿರಬೇಕು.

ಇನ್ನು ವಾರಸುದಾರಿಕೆ. ಹೊಯ್ಸಳ ದೊರೆ ಮೂರನೇ ಬಲ್ಲಾಳ ತೀರಿಕೊಂಡದ್ದು ಸುಮಾರು 1343ರಲ್ಲಿ. ಒಡೆಯರ ಆಳ್ವಿಕೆ ಸಂಪ್ರದಾಯದ ಪ್ರಕಾರ ಶುರುವಾದದ್ದು 1399ರಲ್ಲಿ. ನಡುವೆ ವಿಜಯನಗರವಿದೆ, ಅಲ್ಲಿ ಮುಂದೆ ಆಳಿದ ಅಚ್ಯುತರಾಯನ ನಾಣ್ಯಗಳ ಮೇಲೆ ಗಂಡಭೇರುಂಡವಿದೆ. ಒಡೆಯರ ಲಾಂಛನವಾಗಿದ್ದ ಅದು ಇಂದು ಕರ್ನಾಟಕದ ರಾಜ್ಯ ಲಾಂಛನದಲ್ಲಿದೆ.

ಬೇಲೂರು, ಹಳೇಬೀಡಿನ ಮಕ್ಕಳು ಇದನ್ನೇ ಶಾಲೆಯ ಪ್ರಾಜೆಕ್ಟಿಗೆ ಅಂಟಿಸುವ ಮೊದಲು, ದಯವಿಟ್ಟು ಆ ಸಂದೇಶವನ್ನು ಫಾರ್ವರ್ಡ್ ಮಾಡುವುದನ್ನು ನಿಲ್ಲಿಸಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ಹಾಕಿ.